ಎಡಗಾಲಿನ ಬರೆ

ಇಬ್ಬರು ಹುಡುಗರ ಹೆಗಲಿಗೆ ಕೈ ಹಾಕಿಕೊಂಡು ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಪಂಚಾಕ್ಷರಿ ಅಂಗಳಕ್ಕೆ ಬಂದಾಗ ನೀಲಾಂಬಿಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತು, ಹಿಟ್ಟಿನ ಕೈಯಲ್ಲೇ ಓಡಿಬಂದು ಮೈದುನನ ಎಡಗಾಲು ನೋಡಿದಳು. ಪಾದದ ಮೇಲಿನ ಹರಡು ಊದಿ ದಪ್ಪಗಾಗಿತ್ತು. ಒಳಗೆ ರೊಟ್ಟಿ ಸೀಯುವ ವಾಸನೆ ಮನೆ ತುಂಬಿದರೂ ಅವಳಿಗೆ ಗೊತ್ತಾಗಲಿಲ್ಲ.

"ಅಯ್ಯೋ ಶಿವನೇ! ಏನ್ ಮಾಡ್ಕಂಡ್ಯೋ ಮಾರಾಯ? ಇನ್ನು ಎಂಟೇ ದಿನ ಐತೆ... ಎಂಟೇ ದಿನ!"

"ಉಳುಕೈತೆ ಅತ್ತಿಗೆ, ಅಷ್ಟೇ. ತಣ್ಣೀರು ಬಟ್ಟೆ ಕಟ್ಟಿ ಕಾಲು ಅಲ್ಲಾಡಿಸದಂಗೆ ಇರು ಅಂದಾರೆ ಮಾಸ್ತರು. ನಾಳೆ ಆಸ್ಪತ್ರೆಗೆ ಕರ್ಕಂಡು ಹೋಗ್ತಾರಂತೆ."

"ತಣ್ಣೀರಂತೆ! ನಿಮ್ಮ ಮಾಸ್ತರು ಚೆಂಡು ಒದೆಯೋದು ಕಲಿಸ್ಲಿ ಸಾಕು, ಔಷಧ ನನಗೆ ಬಿಡ್ಲಿ."

ಶಿಕಾರಿಪುರದ ಆ ಬೀದಿಯಲ್ಲಿ ನೀಲಾಂಬಿಕಳಿಗೆ ಬಾಯಿ ಜೋರು ಎಂಬ ಹೆಸರಿತ್ತು. ಹೆಸರು ಸುಳ್ಳೇನೂ ಅಲ್ಲ. ಆದರೆ ಆ ಬಾಯಿ ಯಾರಿಗಾಗಿ ಜೋರಾಗಿತ್ತೆಂಬುದನ್ನು ಬೀದಿಯವರು ಕೇಳಲಿಲ್ಲ. ಸೊರಬ ತಾಲ್ಲೂಕಿನ ಉಳವಿಯಿಂದ ಹದಿನಾರರ ಹುಡುಗಿಯಾಗಿ ಸದಾಶಿವಪ್ಪನ ಕೈಹಿಡಿದು ಬಂದಾಗ ಈ ಮನೆಯಲ್ಲಿ ಅತ್ತೆ ಇರಲಿಲ್ಲ. ತೀರಿಕೊಂಡು ಎರಡು ತಿಂಗಳಾಗಿತ್ತು. ಇದ್ದದ್ದು ನಾಲ್ಕು ವರ್ಷದ ಮೈದುನ. ಮದುವೆಯ ಸೀರೆ ಬದಲಾಯಿಸುವ ಮೊದಲೇ ಅವನು ಬಂದು ಅವಳ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದ. ಅವಳಿಗೆ ಆಮೇಲೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂದು ಅತ್ತವರು ಬೇರೆಯವರು, ಅವಳಲ್ಲ.

ಆ ಹುಡುಗನೇ ಈಗ ಹದಿನೆಂಟರ ಪಂಚಾಕ್ಷರಿ. ಹೈಸ್ಕೂಲಿನ ಕೊನೆಯ ವರ್ಷ. ಓದಿನಲ್ಲಿ ಅಷ್ಟಕ್ಕಷ್ಟೇ. ಎಡಗಾಲು ಮಾತ್ರ ದೇವರು ಬಿಡುವು ಮಾಡಿಕೊಂಡು ಕೂತು ಮಾಡಿದ್ದು! ಡ್ರಿಲ್ ಮಾಸ್ತರು ಹುಚ್ಚರಾಯಪ್ಪನವರು ಅದನ್ನು ಕಂಡುಹಿಡಿದ ದಿನದಿಂದ ಹುಡುಗನಿಗೆ ನಿದ್ದೆ ಬಿಟ್ಟುಹೋಗಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ಕೆರೆ ಏರಿಯ ಮೇಲೆ ಬರಿಗಾಲಲ್ಲಿ ಆರು ಸಲ ಓಟ, ಆಮೇಲೆ ಕೆರೆಯ ತಗ್ಗಿನ ಕೆಸರಿನಲ್ಲಿ ಮೊಣಕಾಲೆತ್ತಿ ಓಟ. ಇಡೀ ಶಾಲೆಗಿದ್ದದ್ದು ಒಂದೇ ಚೆಂಡು. ಅದರ ಹೊಲಿಗೆ ಬಿಚ್ಚಿದರೆ ಮಾಸ್ತರೇ ಕೂತು ಹೊಲಿಯುತ್ತಿದ್ದರು. ಶಾಲೆಯ ಹಿಂಗೋಡೆಗೆ ಇದ್ದಿಲಿನಿಂದ ದುಂಡನೆಯ ಗೆರೆ ಎಳೆದು, ಅದಕ್ಕೇ ಬೀಳುವಂತೆ ನೂರು ಸಲ ಒದೆಯಬೇಕು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಪಕ್ಕದ ಬೀದಿಯ ಸುಂಕಲಮ್ಮನ ಮಗ ಜಯಪ್ಪನೂ ಜೊತೆಗೆ ಒದೆಯುತ್ತಿದ್ದ. ಜಯಪ್ಪ ಅರವತ್ತಕ್ಕೆ ತಪ್ಪಿದರೆ ಪಂಚಾಕ್ಷರಿ ತೊಂಬತ್ತಕ್ಕೆ ತಪ್ಪುತ್ತಿದ್ದ. ನೂರು ಮುಟ್ಟಿದ ದಿನ ಇಬ್ಬರೂ ಸೇರಿ ಕೆರೆಗೆ ಹಾರಿದ್ದರು.

ನೀಲಾಂಬಿಕಳಿಗೆ ಮೊದಮೊದಲು ಇದೆಲ್ಲ ಮೈ ಉರಿಯುವ ಸಂಗತಿಯಾಗಿತ್ತು. ಲಿಂಗ ಕಟ್ಟಿದ ಮೈ, ಚರ್ಮದ ಚೆಂಡು! ಸಂಜೆ ಬಂದವನನ್ನು ಹಿತ್ತಲ ಕಲ್ಲಿನ ಮೇಲೆ ನಿಲ್ಲಿಸಿ ನಾಲ್ಕು ಕೊಡ ನೀರು ಸುರಿದಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಆದರೆ ಶಿರಾಳಕೊಪ್ಪದವರ ಮೇಲೆ ಪಂದ್ಯವಾದ ದಿನ, ನೀರಿಗೆ ಹೊರಟವಳು ಶಾಲೆಯ ಬೇಲಿಯ ಬಳಿ ಕೊಡ ಇಳಿಸಿ ನಿಂತಳು. ಮೈದುನ ಮೂವರನ್ನು ದಾಟಿ ಚೆಂಡು ಒದ್ದಾಗ ಇಡೀ ಬಯಲು ಅವನ ಹೆಸರು ಕೂಗಿತು. ಅವಳಿಗೆ ಆಟದ ತಲೆಬುಡ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು. ಅವತ್ತಿನಿಂದ ಹುಡುಗನನ್ನು ಆಡಲು ಕಳಿಸಿ ಎಂದು ಸದಾಶಿವಪ್ಪನ ಬೆನ್ನು ಹತ್ತಿದವಳು ಅವಳೇ.

ಸದಾಶಿವಪ್ಪನದು ಪೇಟೆಯಲ್ಲಿ ದಿನಸಿ ಅಂಗಡಿ. ಮಾತು ಕಡಿಮೆ. ಹೆಂಡತಿ ಹದಿನೈದು ದಿನ ಕಾಡಿದ ಮೇಲೆ ಒಂದು ಮಾತು ಆಡಿದ: "ಶಿವಮೊಗ್ಗಕ್ಕೆ ಹೋಗ್ಲಿ. ಆರಿಸಿದ್ರೆ ಬೆಂಗಳೂರಿಗೂ ಹೋಗ್ಲಿ. ಆರಿಸಲಿಲ್ವೋ, ಮಾರನೇ ದಿನದಿಂದ ಅಂಗಡೀಲಿ ಕೂರಬೇಕು. ಮತ್ತೆ ಚೆಂಡಿನ ಹೆಸರು ಈ ಮನೇಲಿ ಎತ್ತಂಗಿಲ್ಲ."

ಹೊಸ ಮೈಸೂರು ರಾಜ್ಯವಾಗಿ ಎರಡನೆಯ ವರ್ಷ ಅದು. ರಾಜ್ಯದ ಹೈಸ್ಕೂಲು ತಂಡದ ಶಿಬಿರಕ್ಕೆ ಶಿವಮೊಗ್ಗ ಜಿಲ್ಲೆಯಿಂದ ಇಬ್ಬರೇ ಇಬ್ಬರನ್ನು ಆರಿಸುತ್ತಿದ್ದರು. ಶಿಬಿರದಲ್ಲಿ ಚೆನ್ನಾಗಿ ಆಡಿದವರಿಗೆ ಬೆಂಗಳೂರಿನ ಕಾಲೇಜಿನಲ್ಲಿ ಊಟ, ವಸತಿ, ಆಟ ಎಲ್ಲ ಸಿಗುತ್ತದೆಂದು ಮಾಸ್ತರು ಹೇಳಿದ್ದರು. ಆ ಆಯ್ಕೆಗೆ ಎಂಟು ದಿನ ಉಳಿದಾಗಲೇ ಈ ಉಳುಕು!

ಮಾರನೆಯ ಬೆಳಿಗ್ಗೆ ಮಾಸ್ತರು ಬರುವ ಮೊದಲೇ ನೀಲಾಂಬಿಕ ಹೊರಟು ನಿಂತಿದ್ದಳು. ಉಳವಿಯಲ್ಲಿ ಹುಲಿಯಪ್ಪ ಎಂಬ ಮುದುಕನಿದ್ದ. ಉಳುಕು, ಊತ, ಕಾಮಾಲೆ, ದನದ ಕುಂಟು, ಎಲ್ಲಕ್ಕೂ ಕಾದ ಕಬ್ಬಿಣದಲ್ಲಿ ಬರೆ ಹಾಕುವವನು. ಅವಳ ಅಪ್ಪನ ಸೊಂಟ, ಅಣ್ಣನ ಮೊಣಕಾಲು, ಅವಳದೇ ಎಡಗೈ ಎಲ್ಲ ಅವನ ಬರೆ ಕಂಡಿದ್ದವು.

"ಬ್ಯಾಡ ಅತ್ತಿಗೆ. ಮಾಸ್ತರು ಬಯ್ತಾರೆ. ಎರಡು ದಿನ ನೋಡಾಣ."

"ನೋಡ್ತಾ ಕೂತ್ರೆ ಎಂಟು ದಿನ ಮುಗೀತದೆ. ನಿಮ್ಮಣ್ಣನ ಮುಂದೆ ಹದಿನೈದು ದಿನ ಗೋಗರೆದವಳು ನಾನು. ಈಗ ಕಾಲು ನೋವು ಅಂತ ಮನೇಲಿ ಮಲಗಿದ್ರೆ ನನ್ನ ಮಾತಿಗೆ ಏನು ಬೆಲೆ ಉಳೀತದೋ? ನಿನಗೆ ಬೆಂಗಳೂರು ಬ್ಯಾಡೇನು?"

ಅವನಿಗೆ ಬೆಂಗಳೂರು ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಒಂದು ಕಾಲಕ್ಕೆ ಚೆಂಡನ್ನು ಕಂಡರೆ ಮೂಗು ಮುರಿಯುತ್ತಿದ್ದ ಈ ಹೆಂಗಸು ಈಗ ಅವನ ಆಸೆಯನ್ನು ತನ್ನ ಆಸೆ ಮಾಡಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಅವಳಿಗೆ ಒಲ್ಲೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಉಳವಿಯಲ್ಲಿ ತಾನಾಗಿಯೇ ಕಾಲು ಚಾಚಿದ. ಹುಲಿಯಪ್ಪ ಹಿಮ್ಮಡಿಯ ಮೇಲೆ ಮೂರು ಗೆರೆ ಎಳೆದು ಬೂದಿ ಮೆತ್ತಿದ. ಅತ್ತಿಗೆ ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಕೂಗಿದವಳೂ ಅವಳೇ. ಅವನು ಹಲ್ಲು ಕಚ್ಚಿ ಸುಮ್ಮನಿದ್ದ.

ಐದನೆಯ ದಿನಕ್ಕೆ ಊತ ಇಳಿದಂತೆ ಕಂಡಿತು. ನೀಲಾಂಬಿಕ ಬೀದಿಗೆಲ್ಲ ಹೇಳಿಕೊಂಡು ಬಂದಳು. ವಿಚಾರಿಸಲು ಬಂದ ಮಾಸ್ತರಿಗೆ ಪಂಚಾಕ್ಷರಿ ಊತ ಇಳಿದಿದೆ ಎಂದಷ್ಟೇ ಹೇಳಿದ. ಬೂದಿಯ ಅಡಿಯಲ್ಲಿ ಗಾಯ ಕೊಳೆಯುತ್ತಿದ್ದುದು ಪಂಚಾಕ್ಷರಿಗೆ ಗೊತ್ತಾದದ್ದು ಏಳನೆಯ ದಿನ. ಮೈ ಕೆಂಡವಾಗಿತ್ತು. ಹೇಳಿದರೆ ಅಣ್ಣ ಕಳಿಸುವುದಿಲ್ಲವೆಂದು ಬಟ್ಟೆ ಸುತ್ತಿಕೊಂಡು, ನಗುತ್ತಲೇ ಬಸ್ಸು ಹತ್ತಿದ. ಶಿವಮೊಗ್ಗದ ಮೈದಾನದ ಅಂಚಿನಲ್ಲಿ ಮಾಸ್ತರು ಆ ಬಟ್ಟೆ ಬಿಚ್ಚಿಸಿದರು. ಬಿಚ್ಚಿದವರು ಹಾಗೆಯೇ ನೆಲದ ಮೇಲೆ ಕೂತುಬಿಟ್ಟರು.

"ಯಾವ ಕಟುಕ ಮಾಡಿದ್ದೋ ಇದನ್ನ?"

"ಹಂಗೆ ಅನ್ನಬ್ಯಾಡಿ ಸಾರ್..."

ಪಂಚಾಕ್ಷರಿಯ ಜಾಗದಲ್ಲಿ ಎಡಗಡೆಗೆ ಜಯಪ್ಪನನ್ನು ಆಡಿಸಿದರು. ಜಯಪ್ಪನ ಆಯ್ಕೆಯಾಯಿತು. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಡಾಕ್ಟರು ಕೊಳೆತ ಭಾಗವನ್ನು ಕೊಯ್ದು ತೆಗೆಯುತ್ತಿದ್ದರು. ಕಾಲು ಉಳಿಯಿತು. ಆದರೆ ಹಿಮ್ಮಡಿಯ ನರ ಹೋಗಿತ್ತು. ನಡೆಯಬಹುದು, ಓಡುವ ಮಾತು ಬೇಡ ಎಂದರು ಡಾಕ್ಟರು. ಹದಿನೆಂಟು ವರ್ಷದ ಹುಡುಗನಿಗೆ ಇದನ್ನು ಯಾವ ದನಿಯಲ್ಲಿ ಹೇಳಿದರೆ ತಾನೇ ಏನು!

ಮೂರನೆಯ ದಿನ ಅಣ್ಣ, ಅತ್ತಿಗೆ ಓಡಿಬಂದರು. ಮಂಚದ ಪಕ್ಕದಲ್ಲಿ ಮಾಸ್ತರು ನಿಂತಿದ್ದರು. ನೀಲಾಂಬಿಕ ಬ್ಯಾಂಡೇಜು ಕಂಡು ಬಾಯಿಗೆ ಸೆರಗು ತುರುಕಿಕೊಂಡಳು.

"ಏನಾತೋ ತಮ್ಮಾ? ಬರೆ... ಬರೆ ನಂಜಾತೇನೋ?"

ಇಲ್ಲಿ ಪಂಚಾಕ್ಷರಿ ಒಂದೇ ಒಂದು ಕ್ಷಣ ಅವಳ ಮುಖ ನೋಡಿದ. ಆಟ ಹೇಗೂ ಹೋಗಿತ್ತು. ಉಳಿದದ್ದು ಈ ಒಬ್ಬಳು.

"ಇಲ್ಲ ಅತ್ತಿಗೆ. ಬರೆಯಿಂದ ಕಾಲು ಪೂರಾ ಸರಿ ಆಗಿತ್ತು. ಅರ್ಧ ಗಂಟೆ ಚೆನ್ನಾಗಿ ಓಡಿದೆ. ಸಾಗರದ ಕಡೆ ಹುಡುಗ ಒಬ್ಬ ಬಂದು ಅದೇ ಕಾಲು ತುಳಿದ. ನನ್ನ ಹಣೇಬರಹ... ಅಲ್ವಾ ಸಾರ್?"

ಮಾಸ್ತರು ಕಿಟಕಿಯ ಕಡೆ ತಿರುಗಿಕೊಂಡು, "ಹೌದು" ಎಂದರು.

"ಅವನ ಕಾಲು ಸೇದಿ ಹೋಗ!" ಎಂದು ನೀಲಾಂಬಿಕ ಹುಟ್ಟದೇ ಇದ್ದ ಆ ಸಾಗರದ ಹುಡುಗನಿಗೆ ಶಾಪ ಹಾಕುತ್ತಾ ಅತ್ತಳು. ಅವನು ಅವಳ ಅಳುವಿನಲ್ಲಿ ತನ್ನ ಅಳುವನ್ನೂ ಸೇರಿಸಿ ಮುಗಿಸಿಬಿಟ್ಟ.

ಸದಾಶಿವಪ್ಪ ಆಡಿದ ಮಾತಿನಂತೆ ನಡೆದ. ಆಸ್ಪತ್ರೆಯಿಂದ ಬಂದ ಪಂಚಾಕ್ಷರಿ ಅಂಗಡಿಯಲ್ಲಿ ತಕ್ಕಡಿ ಹಿಡಿದ. ಶಾಲೆ ಬಿಟ್ಟ ಹುಡುಗರ ಕೂಗು ಸಂಜೆ ಪೇಟೆಯವರೆಗೂ ಕೇಳುತ್ತಿತ್ತು. ಆಗ ಅವನು ಗೋದಾಮಿಗೆ ಹೋಗಿ ಮೂಟೆ ಜೋಡಿಸುತ್ತಿದ್ದ. ಮನೆಯಲ್ಲಿ ನೀಲಾಂಬಿಕ ಬಂದವರಿಗೆಲ್ಲ ಹೇಳುತ್ತಿದ್ದಳು: "ಹುಲಿಯಪ್ಪನ ಕೈಗುಣ ನೋಡ್ರಿ, ಏಳೇ ದಿನಕ್ಕೆ ಓಡೋ ಹಂಗೆ ಮಾಡಿದ. ನಮ್ಮ ಹುಡುಗನ ನಸೀಬು ಕೆಟ್ಟಿತ್ತು." ಅವನು ಆಡದಿದ್ದುದನ್ನು ಯಾರಿಗೂ ಹೇಳುವುದಿಲ್ಲವೆಂದು ಮೈದಾನದಲ್ಲಿದ್ದ ಜಯಪ್ಪನಿಂದಲೂ ಪಂಚಾಕ್ಷರಿ ಮಾತು ತೆಗೆದುಕೊಂಡಿದ್ದ. ಹೀಗೆ ಅವಳು ಹೇಳಿದಷ್ಟೂ ಅವನ ಸುಳ್ಳು ಗಟ್ಟಿಯಾಗುತ್ತಾ ಹೋಯಿತು. ಅದಾದರೂ ಗಟ್ಟಿಯಾಗಿರಲಿ ಎಂದು ಅವನಿಗೂ ಸಮಾಧಾನವಿತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಮನೆಯ ಮುಂದೆ ಕಮಾನು ಗಾಡಿ ನಿಂತಿತ್ತು. ಗಾಡಿಯಲ್ಲಿ ಜಯಪ್ಪ ಬಲಗಾಲು ಚಾಚಿ ಕೂತಿದ್ದ. ಹರಡು ಊದಿತ್ತು. ಬೆಂಗಳೂರಿನ ಶಿಬಿರಕ್ಕೆ ಇನ್ನು ಒಂದು ತಿಂಗಳು.

"ಅಕ್ಕಾ, ನೀವಿದ್ದಿದ್ದಕ್ಕೆ ಆತು ನೋಡ್ರಿ," ಎನ್ನುತ್ತಿದ್ದಳು ಸುಂಕಲಮ್ಮ. "ನಮಗೆ ಉಳವೀಲಿ ಯಾರ ಗುರುತೈತೆ? ನೀವೇ ಬಂದು ಹೇಳಿದ್ರೆ ಹುಲಿಯಪ್ಪಜ್ಜ ಚೆನ್ನಾಗಿ ಹಾಕ್ತಾನೆ."

"ಹೂಂ ಕಣಮ್ಮ, ಹೆದರಬ್ಯಾಡ. ಬರೆ ಬಿದ್ದು ಏಳೇ ದಿನಕ್ಕೆ ಇವನ ಕಾಲು ಸರಿ ಆಗಿದ್ದು ಕೇಳಿಲ್ವಾ ನೀನು? ಬಾರೋ ಪಂಚಾಕ್ಷರಿ, ಜಯಪ್ಪಂಗೆ ಸ್ವಲ್ಪ ಧೈರ್ಯ ಹೇಳು. ಬರೆ ಅಂದ್ರೆ ನಡುಗ್ತಾನೆ."

ಸುಮ್ಮನಿದ್ದರೆ ಸಾಕಿತ್ತು. ಓದುವವರಲ್ಲಿ ಮುಚ್ಚಿಟ್ಟು ಏನು ಪ್ರಯೋಜನ? ಸುಮ್ಮನಿದ್ದುಬಿಡೋಣ ಎಂದು ಅವನಿಗೆ ಅನಿಸಿತ್ತು ಕೂಡ. ತನ್ನ ಜಾಗದಲ್ಲಿ ಆಡಿದವನು, ತನ್ನ ಬೆಂಗಳೂರಿಗೆ ಹೋಗುವವನು... ಇವನೂ ನಾಳೆ ಯಾವುದೋ ಅಂಗಡಿಯಲ್ಲಿ ತಕ್ಕಡಿ ಹಿಡಿಯಲಿ! ಸುಮ್ಮನಿದ್ದರೆ ಅತ್ತಿಗೆಯ ನಂಬಿಕೆಗೂ ಕುಂದಿಲ್ಲ. ಜಯಪ್ಪ ಅವನನ್ನೇ ನೋಡುತ್ತಿದ್ದ. ನೂರು ಒದೆತ ಮುಟ್ಟಿದ ದಿನ ಜೊತೆಗೆ ನೀರಿಗೆ ಹಾರಿದವನ ಕಣ್ಣುಗಳೇ ಅವು.

"ಗಾಡಿ ಆಸ್ಪತ್ರೆ ಕಡೆ ತಿರುಗಿಸ್ರಿ," ಎಂದ ಪಂಚಾಕ್ಷರಿ.

"ಏನಂದೆ?" ನೀಲಾಂಬಿಕ ತಿರುಗಿದಳು.

"ಉಳವಿಗೆ ಬ್ಯಾಡ. ಸುಂಕಲಮ್ಮಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಬರೆ ಹಾಕಿಸಬ್ಯಾಡ್ರಿ. ನನ್ನ ಕಾಲು ಹೋಗಿದ್ದು ಅದರಿಂದ."

ಸುಂಕಲಮ್ಮ ಇವರಿಬ್ಬರ ಮುಖವನ್ನೂ ನೋಡಿ, ಗಾಡಿಯವನಿಗೆ ಕೈಸನ್ನೆ ಮಾಡಿ ತಾನೂ ಹತ್ತಿಕೊಂಡಳು. ಗಾಡಿ ಬೀದಿ ದಾಟುವವರೆಗೆ ನೀಲಾಂಬಿಕ ನಿಂತೇ ಇದ್ದಳು.

"ಸಾಗರದ ಹುಡುಗ ತುಳಿದ ಅಂದಿದ್ದೆ."

"ಅಂಥವನು ಯಾರೂ ಇರಲಿಲ್ಲ ಅತ್ತಿಗೆ."

"ಅರ್ಧ ಗಂಟೆ ಓಡಿದೆ ಅಂದಿದ್ದೆ..."

"ಒಂದು ಹೆಜ್ಜೇನೂ ಓಡಲಿಲ್ಲ. ಮೈದಾನಕ್ಕೆ ಇಳೀಲೇ ಇಲ್ಲ."

ಅವಳು ಮೆಲ್ಲಗೆ ಜಗಲಿಯ ಮೇಲೆ ಕುಸಿದಳು. "ನಿನ್ನ ತಲೆ ಹಿಡ್ಕಂಡಿದ್ದವಳು ನಾನು... ಈ ಕೈಯಾಗೆ ಹಿಡ್ಕಂಡಿದ್ದೆ! ಯಾಕೋ ಹೇಳಲಿಲ್ಲ? ಅವತ್ತೇ ಯಾಕೋ ಉಗೀಲಿಲ್ಲ ನನ್ನ ಮುಖಕ್ಕೆ?"

"ನೀವು ಒಳ್ಳೇದಾಗ್ಲಿ ಅಂತ ಮಾಡಿದ್ರಿ. ನನಗೆ ಗೊತ್ತೈತೆ."

"ನಿನಗೆ ಗೊತ್ತಿದ್ರೆ ಏನಾತೋ? ತನ್ನ ಹೊಟ್ಟೇಲಿ ಹುಟ್ಟಿದ್ರೆ ಹಿಂಗೆ ಮಾಡ್ತಿದ್ಲಾ ಅಂತಾರೆ ನಾಳೆ ಊರವರು. ಹೌದಲ್ವೇನೋ? ಹೆತ್ತವಳಾಗಿದ್ರೆ ಮಾಸ್ತರ ಮಾತು ಕೇಳ್ತಿದ್ಲು..."

"ಅತ್ತಿಗೆ! ಹಂಗನ್ನಬ್ಯಾಡ್ರಿ... ನನಗೆ ಬೇರೆ ಅವ್ವ ನೆನಪೇ ಇಲ್ಲ!"

ಅವನು ಎಷ್ಟು ಹೇಳಿದರೂ ಆ ಮಾತು ಅವಳೊಳಗೆ ಇಳಿಯಲಿಲ್ಲ.

ಜಯಪ್ಪನ ಕಾಲು ಇಪ್ಪತ್ತು ದಿನಗಳಲ್ಲಿ ಸರಿಹೋಯಿತು. ಅವನು ಬೆಂಗಳೂರಿಗೆ ಹೊರಟ ಬೆಳಿಗ್ಗೆ ಮೋಟಾರು ನಿಲ್ದಾಣದಲ್ಲಿ ಪಂಚಾಕ್ಷರಿ ಅವನ ಟ್ರಂಕು ಮೇಲೇರಿಸಿಕೊಟ್ಟು, ಎಡಗಡೆ ಓಡುವಾಗ ತಲೆ ತಗ್ಗಿಸಬೇಡ ಎಂದು ಹೇಳಿ ಅಂಗಡಿಗೆ ಹೋದ.

ಮನೆಯಲ್ಲಿ ಎಲ್ಲವೂ ಹೊತ್ತು ಹೊತ್ತಿಗೆ ನಡೆಯುತ್ತಿತ್ತು. ಅವನ ಬಟ್ಟೆ ಒಗೆದು ಮಡಚಿರುತ್ತಿತ್ತು, ಊಟದ ತಣಿಗೆಗೆ ಬಿಸಿ ರೊಟ್ಟಿ ಬೀಳುತ್ತಿತ್ತು. ನೀಲಾಂಬಿಕ ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ. ಅವಳ ದನಿ ಬೀದಿಗೆ ಕೇಳಿ ತಿಂಗಳುಗಳೇ ಆಗಿದ್ದವು. ಬಾಯಿ ಜೋರಿನವಳು ಮೆತ್ತಗಾದಳು ಎಂದು ಬೀದಿಯವರು ನಕ್ಕರು. ಪಂಚಾಕ್ಷರಿ ಒಮ್ಮೆ ಬೇಕೆಂದೇ ಎರಡು ಗಂಟೆ ತಡವಾಗಿ ಬಂದ, ಕಾಲು ತೊಳೆಯದೆ ಅಡುಗೆಮನೆಗೆ ನುಗ್ಗಿದ. ಅವಳು ಏನೂ ಅನ್ನದೆ ಒದ್ದೆ ಬಟ್ಟೆ ತಂದು ಅವನ ಹೆಜ್ಜೆಯ ಮಣ್ಣನ್ನು ಒರೆಸಿದಳು.

"ಬೈಯ್ರಿ ಅತ್ತಿಗೆ," ಎಂದ ಅವನು. "ಒಂದ್ಸಲ ಬೈಯ್ರಿ... ಮೊದಲಿನಂಗೆ."

ನೀಲಾಂಬಿಕ ಒರೆಸಿದ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟಳು.

"ಯಾವ ಬಾಯಿಂದ ಬೈಲಪ್ಪ?" ಎಂದು, ಎದ್ದು ತಣಿಗೆ ಇಟ್ಟಳು. "ಉಣ್ಣು, ಆರ್ತದೆ."

ಅವನು ಕೂತು ಉಂಡ.