ಮೇಲಿನ ಕೋಣೆಯ ವೈ-ಫೈ

ಪ್ರಲ್ಹಾದ ಮೆಟ್ಟಿಲಿಳಿದು ಬರುವ ಸಪ್ಪಳ ಕೇಳಿದರೇನೇ ಶಿವಕಾಂತಾಳಿಗೆ ರವಿವಾರ ಆಗುತ್ತಿದ್ದದ್ದು. ಯೆರವಡಾದ ಆ ಮನೆಯಲ್ಲಿ ಅವನು ಮೇಲಿನ ಕೋಣೆಯ ಬಾಡಿಗೆದಾರ, ಅವಳು ಕೆಳಗಿನ ಮನೆಯ ಮಗಳು. ಅವಳ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅವನ ವೈ-ಫೈಯನ್ನೇ ಹಿಡಿಯುತ್ತಿತ್ತು. ಹಿಡಿದದ್ದನ್ನು ಮತ್ತೆ ಮತ್ತೆ ಬಿಡುತ್ತಿತ್ತು.

"ಮತ್ತ ಡ್ರೈವರ್ ಕೈ ಕೊಡ್ತೇನ್ರಿ?" ಎಂದು ನಗುತ್ತ ಕೂರುವನು. ವೈ-ಫೈ ನಡೆಸುವ ಆ ತಂತ್ರಾಂಶದಲ್ಲಿ ಹಳೆಯದನ್ನು ತೆಗೆದು ಬೇರೆ ಡ್ರೈವರ್ ಹಾಕುವನು. ಅದು ಇನ್‌ಸ್ಟಾಲ್ ಆಗುವಷ್ಟು ಹೊತ್ತು ಚಹಾ, ಆಫೀಸಿನ ಹರಟೆ. ಪರದೆಯ ಬೆಳಕು ಅವನ ಕನ್ನಡಕದಲ್ಲಿ ಮಿನುಗುವುದನ್ನು ಅವಳು ಕದ್ದು ನೋಡುವಳು. ಅವನು ತಲೆಯೆತ್ತಿದರೆ ಕಪ್ಪು-ಬಸಿ ತೊಳೆಯಲು ಓಡುವಳು.

ದೀಪಾವಳಿಗೆ ಸರಿಯಾದ ಡ್ರೈವರ್ ಸಿಕ್ಕಿತು. ನೆಟ್ ಆಮೇಲೆ ಒಮ್ಮೆಯೂ ಕಡಿಯಲಿಲ್ಲ. ಮುಂದಿನ ರವಿವಾರ ಮೆಟ್ಟಿಲ ಮೇಲೆ ಸಪ್ಪಳವೂ ಆಗಲಿಲ್ಲ. ಆಮೇಲಿನ ವಾರ ಅವಳೇ ಡಿವೈಸ್ ಮ್ಯಾನೇಜರ್ ತೆರೆದು, ವೈರ್‌ಲೆಸ್ ಕಾರ್ಡಿಗೆ 'ಡಿಸೇಬಲ್' ಒತ್ತಿ ನೆಟ್ ಬಂದ್ ಮಾಡಿದಳು. ಪ್ರಲ್ಹಾದ ಬಂದ. ಅಂದಿನಿಂದ ಅವಳು ವಾರವಾರವೂ ಒತ್ತಿದಳು, ಅವನು ವಾರವಾರವೂ ಬಂದು ಅದೇ ಡ್ರೈವರನ್ನು ತೆಗೆದು ಮತ್ತೆ ಹಾಕಿದ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಧರ್ಮಣ್ಣ ಸುದ್ದಿ ತಂದರು. ವರ ಮಸ್ಕತ್ತಿನಲ್ಲಿದ್ದಾನೆ, ರಜೆಯಿಲ್ಲ, ಬರುವ ರವಿವಾರ ವೆಬ್‌ಕ್ಯಾಮಿನಲ್ಲೇ ಹುಡುಗಿ ನೋಡುತ್ತಾನೆ. ಇವಳು ಅಂದು ಕಾಣದಿದ್ದರೆ ವರನ ಕಡೆಯವರು ಬಾರಾಮತಿಯ ಇನ್ನೊಂದು ಸಂಬಂಧಕ್ಕೆ ಹೊರಡುವವರು.

ಅಂದು ಬೆಳಿಗ್ಗೆಯೇ ಅವಳು ಡಿಸೇಬಲ್ ಒತ್ತಿಬಿಟ್ಟಳು.

"ಪ್ರಲ್ಹಾದಾ, ಲಗೂನ ಬಾರಪ್ಪಾ!" ಎಂದು ಕೂಗಿದ ಅಪ್ಪ, ಬೀಗರಿಗೆ ಸಮಾಧಾನ ಹೇಳಲು ಫೋನ್ ಹಿಡಿದು ಅಂಗಳಕ್ಕೆ ಹೋದರು.

ರೇಷ್ಮೆ ಸೀರೆಯಲ್ಲಿದ್ದ ಅವಳನ್ನು ನೋಡಿ ಪ್ರಲ್ಹಾದ ಒಂದು ಗಳಿಗೆ ನಿಂತ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದ.

"ಕೆಟ್ಟದ ಅಂತ ಹೇಳ್ರಿ," ಎಂದಳು. "ಇವತ್ತೊಂದಿನ ಅಷ್ಟ ಹೇಳ್ರಿ. ನನಗ ಯಾರು ಬೇಕಂತ ನಾಳಿ ಅಪ್ಪಗ ನಾನ ಹೇಳ್ತೀನಿ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಡ್ರೈವರ್ ಕೆಟ್ರ ಹಳದಿ ಗುರುತು ಬರ್ತದ್ರಿ. ಇದು ಕೆಂಪು ಅದ. ಯಾರರ ಕೈಯಾರೆ ಬಂದ್ ಮಾಡಿದ್ರ ಬರೂದು."

"ಅಂದ್ರ, ನಿಮಗ ಗೊತ್ತಿತ್ತೇನ್ರಿ?"

"ಮೊದಲನೇ ಸಲದಿಂದ."

"ಮತ್ತ ಯಾಕ ಬರ್ತಿದ್ರಿ?"

"ಚಹಾ ಭಾಳ ಚಲೋ ಇರ್ತಿತ್ತು." ನಗಲು ನೋಡಿದ. ಅವಳ ಮುಖ ಕಂಡು ನಗೆ ಅಲ್ಲೇ ಇಂಗಿತು. "ಬ್ಯಾರೆ ಜಾತ್ಯಾಕಿನ್ನ ನಮ್ಮವ್ವ ಹೊಸ್ತಿಲಾ ದಾಟಸ್ಕೊಳ್ಳೂದಿಲ್ರಿ. ನನಗ ಅಷ್ಟು ಧೈರ್ಯ ಇಲ್ಲ."

"ನಾ ನಿಮ್ಮ ಧೈರ್ಯ ಕೇಳ್ಲಿಲ್ರಿ. ಒಂದು ಸುಳ್ಳು ಕೇಳಿದೆ."

ಅಪ್ಪನ ಹೆಜ್ಜೆ ಹತ್ತಿರ ಬಂತು. ಪ್ರಲ್ಹಾದ 'ಎನೇಬಲ್' ಒತ್ತಿದ, ನೆಟ್ ಬಂತು.

"ಶಾಬಾಸ್ ಮಗನ!" ಅಪ್ಪ ಅವನ ಬೆನ್ನು ತಟ್ಟಿದರು.

ಪರದೆಯಲ್ಲಿ ಮಸ್ಕತ್ತಿನ ವರ ಮೂಡಿದ. "ಹುಡುಗಿ ಮುಖಾ ಕತ್ತಲಾಗೇದಲ್ರಿ," ಎಂದ. ಯಾರೂ ಹೇಳದೆಯೇ ಪ್ರಲ್ಹಾದ ಟೇಬಲ್ ಲ್ಯಾಂಪನ್ನು ಅವಳತ್ತ ತಿರುಗಿಸಿದ. ಕ್ಯಾಮೆರಾ ತುಸು ಬಗ್ಗಿಸಿದ.

"ಈಗ ಭಾಳ ಛಂದ ಕಾಣಸ್ತಾರ್ರಿ," ಎಂದ, ವರನಿಗೆ ಕೇಳಿಸುವಂತೆ.

ಇಷ್ಟು ದಿನ ಎದುರು ಕೂತು ಅವಳಿಗೆ ಒಮ್ಮೆಯೂ ಹೇಳದ ಮಾತು. ಶಿವಕಾಂತಾ ಮೊದಲ ಸಲ ತಲೆ ತಗ್ಗಿಸದೆ ಅವನ ಕಣ್ಣನ್ನೇ ನೋಡಿದಳು.

"ನಿಮ್ಮ ಕೆಲಸ ಮುಗೀತು. ಹೋಗ್ರಿ," ಎಂದಳು.

'ಹೋಗಿ ಬರ್ರಿ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ.