‘ಇಲ್ಲ’ ಅನ್ನಲಾರದ ಹಿಲೋಲಾ

ಮರೈಕೆ ಅಕ್ಕ ಗೋಡೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಪೆಟ್ಟಿಗೆಗೆ ಹಾಕುತ್ತಿದ್ದಳು. ಆನೆ ಆಯಿತು, ಸೇಬು ಆಯಿತು, ಬಸ್ಸು ಆಯಿತು. ಕ್ಲಾಸಿನಲ್ಲಿ ಇಪ್ಪತ್ತಾರು ಕುರ್ಚಿಗಳಿದ್ದವು. ಒಂದರಲ್ಲೂ ಮಕ್ಕಳಿರಲಿಲ್ಲ.

ಕಿಟಕಿಯಾಚೆ ನಿಂತಿದ್ದ ಹಿಲೋಲಾ ಗಾಜಿಗೆ ಮೂಗು ಒತ್ತಿದಳು. ಕಾಡಿನ ಡೇರೆಯಿಂದ ಅವಳು ಊರಿಗೆ ಇಳಿದದ್ದು ಮನೆಯಲ್ಲಿಟ್ಟಿದ್ದ ಒಣ ರೊಟ್ಟಿ ಒಯ್ಯಲು. ಕತ್ತೆಯನ್ನು ಸ್ಕೂಲಿನ ಗೇಟಿಗೆ ಕಟ್ಟಿ ಸುಮ್ಮನೆ ಇಣುಕಿದರೆ ಹೀಗೆ!

ಅಕ್ರೋಟು ಉದುರುವ ಕಾಲ ಬಂತೆಂದರೆ ಆ ಊರಿನಲ್ಲಿ ಯಾರು ತಾನೇ ಮನೆಯಲ್ಲಿರುತ್ತಾರೆ? ಅಜ್ಜಿ, ಮೊಮ್ಮಗು, ಕೋಳಿ ಸಮೇತ ಎಲ್ಲರೂ ಗುಡ್ಡದ ಮೇಲಿನ ಕಾಡಿಗೆ ಹೋಗಿ ಡೇರೆ ಹಾಕುತ್ತಾರೆ. ಚಳಿಗಾಲದ ಹಿಟ್ಟು, ಬೂಟು ಎಲ್ಲ ಬರುವುದು ಆ ಕಾಯಿಗಳಿಂದಲೇ. ಇದು ನಾಯಿಮರಿಗೂ ಗೊತ್ತು. ಗೊತ್ತಿಲ್ಲದವಳು ಊರಾಚೆಯ ಸ್ಕೂಲಿನಲ್ಲೇ ಉಳಿದುಕೊಂಡಿದ್ದ ಮರೈಕೆ ಅಕ್ಕ ಒಬ್ಬಳೇ. ಪಾಪ, ಅವಳು ಹಾಲೆಂಡಿನಿಂದ ಬಂದು ಮೂರೇ ವಾರವಾಗಿತ್ತು. ಸಂಬಳವಿಲ್ಲದೆ ಆರು ತಿಂಗಳು ಇಂಗ್ಲಿಷ್ ಕಲಿಸುತ್ತೇನೆ ಎಂದು ತಾನಾಗಿಯೇ ಬಂದವಳು.

ಸೋಮವಾರ ಎಲ್ಲರೂ ಬರುತ್ತೀರಿ ತಾನೆ ಎಂದು ಅವಳು ಹೋದ ವಾರ ಕೇಳಿದಾಗ ಮೊದಲು ತಲೆ ಆಡಿಸಿದ್ದು ಹಿಲೋಲಾ. ಅಷ್ಟು ದೂರದಿಂದ ಬಂದವರ ಮುಖದ ಮೇಲೆ ಇಲ್ಲ ಅನ್ನುವುದುಂಟೇ? ಹಾಗೇನಾದರೂ ಅಂದರೆ ಹಿಲೋಲಾಳ ಅಜ್ಜಿ ಸುಮ್ಮನೆ ಬಿಡುವವಳಲ್ಲ. ಹೆಡ್‌ಮಾಸ್ಟರು ಕೂಡ ‘ಬರ್ತಾರೆ, ಬರ್ತಾರೆ’ ಎಂದು ಗಡ್ಡ ಸವರಿಕೊಂಡವರು ಮಾರನೆಯ ದಿನವೇ ಕಾಡು ಸೇರಿದ್ದರು.

ಹಿಲೋಲಾ ಬಾಗಿಲಲ್ಲಿ ನಿಂತು ಸಣ್ಣಗೆ ಕೆಮ್ಮಿದಳು. ಅಕ್ಕ ತಿರುಗಿದಳು. ಕಣ್ಣು ಕೆಂಪಾಗಿತ್ತು. ಊರಿನ ಭಾಷೆಯನ್ನು ಅವಳು ಯಾವಾಗಲೂ ಪುಸ್ತಕ ಓದಿದ ಹಾಗೆಯೇ ಆಡುತ್ತಿದ್ದಳು.

“ನಾಲ್ಕು ದಿನ ಕಾದೆ. ನನ್ನ ಪಾಠ ನಿಮಗೆ ಇಷ್ಟವಾಗಲಿಲ್ಲ. ಅದನ್ನು ನೇರವಾಗಿ ಹೇಳಬಹುದಿತ್ತು. ನಾಳೆ ಬೆಳಿಗ್ಗೆ ಕಾರು ಬರುತ್ತದೆ, ನಾನು ಹೊರಡುತ್ತೇನೆ.”

ಹಿಲೋಲಾಳಿಗೆ ಅಳುವೇ ಬಂತು. ಹೋದ ವರ್ಷ ಹೀಗೇ ಬಂದಿದ್ದ ಅಣ್ಣನೊಬ್ಬ ಇದೇ ತಿಂಗಳಲ್ಲಿ ಹೇಳದೆ ಕೇಳದೆ ಹೊರಟುಹೋಗಿದ್ದ. ಚಳಿ ತಡೆಯಲಿಲ್ಲವೇನೋ ಅಂದುಕೊಂಡಿದ್ದರು ಊರವರು. ಅವನೂ ಹೀಗೇ ಖಾಲಿ ಕುರ್ಚಿ ನೋಡುತ್ತ ಕೂತಿದ್ದನೇ? ಅವನು ಹೋದ ಮೇಲೆ ಇಂಗ್ಲಿಷ್ ಪುಸ್ತಕ ಒಂಬತ್ತನೇ ಪುಟದಲ್ಲೇ ನಿಂತಿತ್ತು. ಅದು ಹಾಗಿರಲಿ, ಹಿಲೋಲಾಳಿಗೆ ಈ ಅಕ್ಕ ಅಂದರೆ ಇಷ್ಟ. ತಪ್ಪು ಹೇಳಿದರೂ ನಗದೆ ಕಾಯುವ ಟೀಚರು ಎಲ್ಲಿ ಸಿಗುತ್ತಾರೆ? ಏನಾದರಾಗಲಿ, ಹೋಗಲು ಬಿಡಬಾರದು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು.

“ಅಕ್ಕಾ, ನಾನು ಸುಳ್ಳು ಹೇಳ್ದೆ. ಯಾರೂ ಬರಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು. ಇಲ್ಲ ಅಂದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ...”

“ಈಗ ಬೇಜಾರಾಗಿಲ್ಲವೇ?”

ಹಿಲೋಲಾ ಎರಡೂ ಕೈ ಚಾಚಿದಳು. ಅಕ್ರೋಟಿನ ಹಸಿರು ಸಿಪ್ಪೆಯ ಕರೆ ಹತ್ತಿ ಬೆರಳೆಲ್ಲ ಕಪ್ಪಾಗಿದ್ದವು. ಕಾಡು, ಡೇರೆ, ಕಾಯಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ನಂಬಲಿಲ್ಲ. ಹೆಡ್‌ಮಾಸ್ಟರು ಕೂಡ ಮರ ಹತ್ತುತ್ತಾರೆಯೇ ಎಂದು ಕೇಳಿದಳು. ಹತ್ತುವುದಿಲ್ಲ, ಕೆಳಗೆ ನಿಂತು ಹತ್ತಿದವರನ್ನು ಬೈಯುತ್ತಾರೆ ಎಂದಳು ಹಿಲೋಲಾ. ಅಕ್ಕನ ತುಟಿ ಸ್ವಲ್ಪ ಅಲುಗಿತು.

ಕೊನೆಗೆ, ಬಂದು ನೋಡಲು ಒಪ್ಪಿದಳು. ಕಾರನ್ನು ಮಾತ್ರ ಬೇಡ ಎನ್ನಲಿಲ್ಲ.

ಕಾಡಿನಲ್ಲಿ ಅರ್ಧ ಕ್ಲಾಸು ಮರದ ಮೇಲಿತ್ತು, ಇನ್ನರ್ಧ ಮರದ ಕೆಳಗಿತ್ತು. ಅಕ್ಕ ಪುಸ್ತಕ ತೆರೆದು ಕೂತಳು. ಮೂರು ಮಕ್ಕಳು ಬಂದರು. ಯಾರೋ ಕೊಂಬೆ ಅಲುಗಿಸಿದ್ದೇ ತಡ, ಮೂವರೂ ಕಾಯಿಯ ಹಿಂದೆ ಓಡಿದರು. ಅಕ್ಕ ಪುಸ್ತಕ ಮುಚ್ಚಿದಳು. ತಲೆಗೆ ವಸ್ತ್ರ ಬಿಗಿದು, ಒಂದು ಗೋಣಿಚೀಲ ಕೇಳಿ ಪಡೆದಳು.

ಸಂಜೆಯವರೆಗೂ ಬಗ್ಗಿದ ಬೆನ್ನು ಎತ್ತಲಿಲ್ಲ. ಎರಡು ಸಲ ಜಾರಿ ಬಿದ್ದಳು. ತಲೆಯ ಮೇಲೆ ಟಪ್ಪೆಂದು ಕಾಯಿ ಬಿತ್ತು. “ನಿಮ್ಮೂರಲ್ಲಿ ಬಗ್ಗೋದು ಕಲಿಸಲ್ವಾ ಅಕ್ಕಾ?” ಎಂದು ಮರದ ಮೇಲಿಂದ ಕ್ಲಾಸಿನ ತುಂಟ ರವ್ಶನ್ ಕೀಟಲೆ ಮಾಡಿದ. ಈಗ ಕಲಿಯುತ್ತಿದ್ದೇನೆ ಎಂದಳೇ ಹೊರತು ನಿಲ್ಲಲಿಲ್ಲ.

ಕತ್ತಲಾಗುವ ಮೊದಲು ಚೀಲ ತುಂಬಿತು. ಎಲ್ಲರೂ ಸುತ್ತ ಸೇರಿ ಭೇಷ್ ಅಂದರು. ಬಂಗಾರದಂಥ ಕೈ ಎಂದು ಅಜ್ಜಿ ಹೊಗಳಿದಳು. ಅಕ್ಕ ಅವರ್‍ಯಾರನ್ನೂ ನೋಡಲಿಲ್ಲ.

“ಹಿಲೋಲಾ, ನೀನು ಹೇಳು. ನಾನು ಚೆನ್ನಾಗಿ ಆರಿಸಿದ್ದೇನೆಯೇ?”

ಹಿಲೋಲಾ ಚೀಲಕ್ಕೆ ಕೈ ಹಾಕಿದಳು. ಎರಡು ಹಿಡಿ ಎತ್ತಿದ್ದೇ ಸಾಕಾಯಿತು. ‘ಹೂಂ’ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಅಜ್ಜಿ ಬೇರೆ ಕಣ್ಣು ಬಿಡುತ್ತಿದ್ದಳು. ಬೆಳಿಗ್ಗೆ ಕಾರು ಬರುತ್ತದೆ. ಈಗ ಮನಸ್ಸು ಮುರಿದರೆ ಮುಗಿಯಿತು.

“ಇಲ್ಲ ಅಕ್ಕಾ. ಅರ್ಧಕ್ಕರ್ಧ ಜೊಳ್ಳು.”

ಅಜ್ಜಿ ಹಣೆ ಚಚ್ಚಿಕೊಂಡಳು.

ಅಕ್ಕ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಅದನ್ನು ತಲೆಕೆಳಗಾಗಿ ಹಿಡಿದು, ಇಡೀ ದಿನದ ಕಾಯನ್ನೆಲ್ಲ ನೆಲಕ್ಕೆ ಸುರಿದು, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

“ಜೊಳ್ಳು ಎಂದು ಹೇಗೆ ಗೊತ್ತಾಗುತ್ತದೆ? ಈಗಲೇ ಕಲಿಸು. ನಾಳೆ ಮತ್ತೆ ತಪ್ಪಾಗಬಾರದು. ಕಾರಿನವನಿಗೆ ಬೇಡ ಎಂದು ಫೋನ್ ಮಾಡಬೇಕು, ಇಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ?”

ರವ್ಶನ್ ಮರದ ತುದಿ ತೋರಿಸಿದ. ಎಲ್ಲರೂ ನಕ್ಕರು.

ಹಿಲೋಲಾಳಿಗೆ ಮಾತ್ರ ನಗು ಬರಲಿಲ್ಲ. ಇಲ್ಲ ಅಂದರೂ ಅಕ್ಕ ಎದ್ದು ಹೋಗಿರಲಿಲ್ಲ. ಹಿಲೋಲಾ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ರಾಶಿಯಿಂದ ಎರಡು ಕಾಯಿ ಹೆಕ್ಕಿ, ಅಕ್ಕನ ಎರಡು ಅಂಗೈಯಲ್ಲಿ ಒಂದೊಂದನ್ನು ಇಟ್ಟಳು.

“ಕಣ್ಣು ಮುಚ್ಕೊಳ್ಳಿ ಅಕ್ಕಾ. ಯಾವ್ದು ಭಾರ, ಹೇಳಿ.”