ಎಡಗಡೆ ಪೆಟ್ಟಿಗೆಯ ಸುಯ್

"ಅಜ್ಜ, ಎಡಗಡೆ ಸ್ಪೀಕರ್ ಸುಯ್ ಅಂತಿದೆ!"

"ಇಲ್ಲ ಬಿಡೇ. ಬೆಣ್ಣೆ ಥರ ಇದೆ," ಎಂದರು ಅಜ್ಜ, ಮುಚ್ಚಿದ ಕಣ್ಣು ತೆರೆಯದೆ.

ಮೆಣಸು ಒಪ್ಪಲಿಲ್ಲ. ಅವಳ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಈ ಐದನೇ ಕ್ಲಾಸಿನ ಹುಡುಗಿ ಮನೆಯವರಿಗೆಲ್ಲ ಮೆಣಸು.

ಮನೆಯ ಹಿಂದಿನ ಶೆಡ್ಡಿನಲ್ಲಿ ಅಮ್ಮ ಮತ್ತು ಅಜ್ಜ ಸೇರಿ ದೊಡ್ಡ ದೊಡ್ಡ ಸ್ಪೀಕರ್ ಮಾಡುತ್ತಿದ್ದರು. ಡಿಸೈನ್ ಬರೆದು, ಮರ ಕೊಯ್ದು, ಪೆಟ್ಟಿಗೆ ಜೋಡಿಸುವುದು ಅಮ್ಮನ ಕೆಲಸ. ಕೊನೆಗೆ ಕೂತು ಕೇಳುವುದು ಅಜ್ಜನ ಕೆಲಸ. ಅಜ್ಜ ಸರಿ ಎಂದ ಮೇಲೆಯೇ ಸ್ಪೀಕರ್ ಮನೆಯ ಹೊಸ್ತಿಲು ದಾಟುತ್ತಿತ್ತು. ಈ ಜೋಡಿಯನ್ನು ಮಾಡಿಸಿದ್ದ ಸಂಗೀತದ ಟೀಚರ್ ಸಂಜೆಯೇ ಒಯ್ಯಲು ಬರುವವರಿದ್ದರು.

"ಅಮ್ಮಾ, ನೀನಾದ್ರೂ ಕೇಳು."

ಅಮ್ಮ ಕೈಯ ಮರದ ಪುಡಿ ಕೊಡವಿ ಬಂದು ಕೇಳಿದಳು. "ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ. ಅಜ್ಜನೇ ಸರಿ ಅಂದಾಯ್ತಲ್ಲ, ಸುಮ್ನೆ ತಲೆ ತಿನ್ಬೇಡ."

"ಹಾಗಾದ್ರೆ ಟೆಸ್ಟ್ ಮಾಡು! ನಾನು ಇಲ್ಲೇ ಕಣ್ಣು ಮುಚ್ಕೊಂಡು ನಿಲ್ತೀನಿ. ಎರಡನ್ನೂ ಅದಲು ಬದಲು ಮಾಡು. ಯಾವುದು ಸುಯ್ ಅನ್ನುತ್ತೆ ಅಂತ ಹೇಳ್ತೀನಿ."

ಅಮ್ಮ ಪೆಟ್ಟಿಗೆಗಳ ಜಾಗ ಬದಲಿಸಿದಳು. "ಈಗ ಬಲಗಡೆಯದು," ಎಂದಳು ಮೆಣಸು. ಅಮ್ಮ ಮೋಸ ಮಾಡಲು ಎಳೆದಾಡಿದ ಸದ್ದು ಮಾಡಿ, ಎರಡನ್ನೂ ಇದ್ದಲ್ಲೇ ಬಿಟ್ಟಳು. "ಈಗ್ಲೂ ಬಲಗಡೆಯದೇ. ನನ್ನ ಯಾಮಾರಿಸ್ಬೇಡ!"

ಅಮ್ಮ ಅಜ್ಜನ ಕಡೆ ನೋಡಿದಳು. ಅಜ್ಜ ಆ ಪೆಟ್ಟಿಗೆಗೆ ಒಂದು ಕಿವಿ ಹಚ್ಚಿದರು. ಆಮೇಲೆ ಇನ್ನೊಂದು ಕಿವಿ ಹಚ್ಚಿದರು. ಅವರ ಮುಖ ಸಪ್ಪಗಾಯಿತು.

"ನನಗೆ ಏನೂ ಕೇಳಿಸ್ತಿಲ್ಲ ಕಣೇ."

ಮೆಣಸು ಅಜ್ಜನ ಪಕ್ಕಕ್ಕೆ ಬಂದು ಕೂತಳು. "ಬಿಡು ಅಜ್ಜ... ಆ ಟೀಚರ್‌ಗೂ ಕೇಳಿಸಲ್ವೇನೋ."

"ಕೇಳಿಸಿದ್ರೆ?" ಅಜ್ಜ ಮಂಡಿಯ ಮೇಲೆ ಕೈಯೂರಿ ಎದ್ದರು. "ಬಿಡೋ ಮಾತೇ ಇಲ್ಲ. ಸುಯ್ ಅಂದ್ರೆ ಗಾಳಿ. ಎಲ್ಲೋ ಒಂದು ಸಂದಿ ಇದೆ. ಟಿಶ್ಯೂ ಪೇಪರ್ ತಾ. ನೀನು ಕೇಳು, ನಾನು ಹುಡುಕ್ತೀನಿ."

ಅಮ್ಮ ದಪ್ಪ ದನಿಯ ಹಾಡು ಹಾಕಿದಳು. ಅಜ್ಜ ಪೇಪರಿನ ತೆಳು ಚೂರನ್ನು ಪೆಟ್ಟಿಗೆಯ ಅಂಚಿಗೆ ಹಿಡಿದು ಮೆಲ್ಲಗೆ ಸರಿಸುತ್ತ ಹೋದರು. ಪೇಪರ್ ಅಲುಗಾಡಲಿಲ್ಲ.

"ಅಲ್ಲಲ್ಲ, ಹಿಂದೆ," ಎಂದಳು ಮೆಣಸು ನೆಲಕ್ಕೆ ಒರಗಿ. "ಇನ್ನೂ ಕೆಳಗೆ. ಹಾಂ, ಅಲ್ಲಿ ಜೋರು!"

ವೈರ್ ಸಿಕ್ಕಿಸುವ ಪ್ಲೇಟಿನ ಪಕ್ಕದಲ್ಲಿ ಪೇಪರ್ ಪಟಪಟ ನಡುಗಿತು.

"ಸಿಕ್ತು ನೋಡು ಕಳ್ಳ!" ಅಜ್ಜ ಕೂಗಿದರು. ಅಮ್ಮ ಸ್ಕ್ರೂ ಬಿಚ್ಚಿದಳು. ಪ್ಲೇಟಿನ ಅಡಿಯ ರಬ್ಬರ್ ಮಡಚಿಕೊಂಡಿತ್ತು. ಹೊಸ ರಬ್ಬರ್ ಹಾಕಿ ಬಿಗಿ ಮಾಡಿದಳು.

ಮೆಣಸು ಉಸಿರು ಬಿಗಿಹಿಡಿದು, ಹಾಡು ಮುಗಿಯುವವರೆಗೂ ಕೇಳಿದಳು. "ಹೋಯ್ತು. ಪೂರ್ತಿ ಹೋಯ್ತು!"

ಸಂಜೆ ಟೀಚರ್ ಬಂದು ಸ್ಪೀಕರ್‌ಗಳನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ಅಜ್ಜ ಬಾಗಿಲಿಗೆ ಬೆನ್ನು ಮಾಡಿ ಕೂತು, ಮರ ಉಜ್ಜುವ ಉಪ್ಪುಕಾಗದದ ಚೂರುಗಳನ್ನು ಎತ್ತಿಡುತ್ತಿದ್ದರು.

"ಅಜ್ಜ, ಅಮ್ಮ ಊಟಕ್ಕೆ ಕರೀತಿದ್ದಾಳೆ."

ಅಜ್ಜ ತಿರುಗಲಿಲ್ಲ. ಬೇರೆ ದಿನವಾಗಿದ್ದರೆ, 'ಎಷ್ಟು ಸಲ ಕರೀಬೇಕು ನಿನ್ನ!' ಎಂದು ಮೆಣಸು ಕಿರುಚುತ್ತಿದ್ದಳು. ಇವತ್ತು ಮೇಜು ಸುತ್ತಿಕೊಂಡು ಹೋಗಿ, ತನ್ನ ಮುಖ ಅಜ್ಜನಿಗೆ ಕಾಣುವ ಹಾಗೆ ಎದುರಿಗೆ ಕೂತಳು. ಆಮೇಲೆ ಅದೇ ಮಾತನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿದಳು.